ಎರಡು ಪಾತ್ರೆ ಖಿಚಡಿ

ದಹಿಸರ್ ಪೂರ್ವ
೨೬ ಜೂನ್ ೨೦೨೫

ನಮಿತಾಳ ಅಪ್ಪನಿಗೆ, ವಾರಿಜಾ ಮಾಡುವ ನಮಸ್ಕಾರ.

ಫೋನ್ ಮಾಡಿದರೆ ಹೋಟೆಲಿನಲ್ಲಿ ರಶ್ ಉಂಟು ಎಂದು ಇಟ್ಟುಬಿಡುತ್ತೀರಿ. ಹಾಗಾಗಿ ಕಾಗದ. ನಮಿತಾ ಪರೇಲಿನ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಗ್ರಾಂಟ್ ರೋಡಿಗೆ ಬಂದು ಇದನ್ನು ನಿಮ್ಮ ಕೈಯಲ್ಲೇ ಕೊಡುತ್ತಾಳೆ. ಓದದೆ ಕಿಸೆಗೆ ತುರುಕಬೇಡಿ.

ನಿನ್ನೆ ನಿಮ್ಮ ಮೆಸೇಜು ಬಂತು, ಅಭಿನಂದನೆ ಎಂದು. ಎಂಥ ಮಾರಾಯ್ರೇ, ಕಟ್ಟಿಕೊಂಡ ಹೆಂಡತಿಗೆ ಒಂದೇ ಶಬ್ದ! ಶಾಲೆಯ ಅಂಗಳದಲ್ಲಿ ಪಾತ್ರೆ ಇಳಿಸಿ, ಸಾಹೇಬರು ಬರುವ ಮೊದಲು ಒಂದು ಚಹಾ ಕುಡಿದು ಬರುತ್ತೇನೆಂದು ಹೋದವರು ತಿರುಗಿ ಬರಲೇ ಇಲ್ಲ. ಆಮೇಲೆ ಏನೇನಾಯಿತು ಎಂದು ನಿಮಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ಇಷ್ಟು ವರ್ಷ ಕಾರ್ಪೊರೇಶನ್ ಕೊಡುವ ದುಡ್ಡಿನಲ್ಲಿ ಈ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಖಿಚಡಿ ಬೇಯಿಸಿದ್ದು ನಮ್ಮ ಮಹಿಳಾ ಮಂಡಳ. ಈ ಸಲ ನಿಮ್ಮ ಹೋಟೆಲಿನ ಸದಾನಂದ ಧಣಿಯೂ ಅರ್ಜಿ ಹಾಕಿದರು, ಗ್ರಾಂಟ್ ರೋಡಿನಲ್ಲಿ ಬೇಯಿಸಿ ಟೆಂಪೋದಲ್ಲಿ ಕಳಿಸುತ್ತಾರಂತೆ. ಅಡುಗೆ ಯಾರದ್ದು? ನಿಮ್ಮದು! ಇಬ್ಬರೂ ಒಂದೊಂದು ಪಾತ್ರೆ ತನ್ನಿ, ಮಕ್ಕಳು ತಿಂದು ಹೇಳಲಿ ಎಂದರು ವಾರ್ಡ್ ಆಫೀಸಿನ ಸಾಹೇಬರು. ನಾವು ಸೋತರೆ ನಮ್ಮ ಒಲೆ ಆರಿದಂತೆಯೇ. ನನ್ನ ಜೊತೆ ಬೇಯಿಸುವ ಅಜೀಜಾಬಿಯ ಗಂಡ ಸೊಂಟ ಮುರಿದುಕೊಂಡು ಮಲಗಿದ್ದಾನೆ, ಅವಳ ಮನೆ ನಡೆಯುವುದೇ ಇದರಲ್ಲಿ. ಚಂದ್ರವ್ವನದೂ ಹಾಗೆಯೇ.

ಮತ್ತೆ ನನ್ನದು? ಹೋಟೆಲ್ ಕುಕ್ಕಿನ ಹೆಂಡತಿ ಸರಕಾರಿ ಖಿಚಡಿ ಬೇಯಿಸುವುದಾ ಎಂದು ಚೀಲ ಎತ್ತಿಕೊಂಡು ಹೋಟೆಲಿನ ರೂಮಿಗೆ ಹೋದವರಲ್ಲವಾ ನೀವು? ಆ ಒಲೆಯನ್ನು ನಿಮ್ಮ ಕೈಯಿಂದಲೇ ಆರಿಸಿಬಿಟ್ಟರೆ ನಾನು ತಲೆ ಎತ್ತಿ ನಡೆಯುವುದು ಹೇಗೆ? ಆದರೂ ಹೆದರಿರಲಿಲ್ಲ. ಸುಳ್ಳು ಯಾಕೆ, ಚಂದ್ರವ್ವ ದೇವರಿಗೆ ಹರಕೆ ಹೇಳುವಾಗ ನಾನೂ ಒಂದು ಸಲ ಕೈ ಮುಗಿದೆ, ಅಷ್ಟೇ.

ಮೊದಲು ಬಂದ ದೊಡ್ಡ ಮಕ್ಕಳೆಲ್ಲ ನಿಮ್ಮ ಪಾತ್ರೆಯ ಕಡೆಗೇ ಓಡಿದ್ದು. ಓಡದೆ ಏನು, ಆ ಒಗ್ಗರಣೆಯ ಪರಿಮಳಕ್ಕೆ ನನ್ನ ಬಾಯಲ್ಲೇ ನೀರು ಬಂತು! ಮೇಲೆ ಗೋಡಂಬಿ ಬೇರೆ. ಸಾಹೇಬರು ಎರಡು ಸಲ ಹಾಕಿಸಿಕೊಂಡರು. ನಮ್ಮದು ಹೆಸರುಬೇಳೆ, ಸಿಹಿಗುಂಬಳ, ಸ್ವಲ್ಪ ಪಾಲಕ್, ದಿನವೂ ಮಾಡುವುದೇ. ಅಜೀಜಾಬಿ ನನ್ನ ಕಿವಿಯಲ್ಲಿ, ಮುಗೀತವ್ವಾ ನಮ್ಮ ಕಥಿ ಎಂದಳು. ಸುಮ್ಮನಿರು, ಸಣ್ಣ ಮಕ್ಕಳು ಬರಲಿ ಎಂದೆ.

ಒಂದನೇ ಕ್ಲಾಸಿನವರು ಬಂದರು ನೋಡಿ. ಮುಬಾರಕ ಎಂಬ ಪೋರ ನಿಮ್ಮ ಖಿಚಡಿ ಎರಡು ತುತ್ತು ತಿಂದು, ನಾಲಿಗೆ ಹೊರಗೆ ಹಾಕಿ ನಳ್ಳಿಯ ಕಡೆ ಓಡಿದ. ಅವನ ಹಿಂದೆ ಉಳಿದವರು. ನಿಮ್ಮದು ಟ್ಯಾಕ್ಸಿಯವರಿಗೆ, ಆಫೀಸಿನವರಿಗೆ ಬೇಯಿಸಿದ ಕೈ. ಬೆಳಿಗ್ಗೆ ಬರೀ ಚಹಾ ಕುಡಿದು ಬರುವ ಆರು ವರ್ಷದ ಹೊಟ್ಟೆಗೆ ಅಷ್ಟು ಮೆಣಸು ಹಾಕಿದರೆ ಉರಿಯುವುದಿಲ್ಲವಾ? ನೀರು ಕುಡಿದು ಬಂದವರು ನಮ್ಮ ಪಾತ್ರೆಯ ಎದುರು ಸಾಲು ನಿಂತರು. ದೊಡ್ಡ ಮಕ್ಕಳೂ ಎರಡನೇ ಸಲಕ್ಕೆ ನಮ್ಮಲ್ಲಿಗೇ ಬಂದರು. ಸಾಹೇಬರು ಮಕ್ಕಳು ಅರ್ಧ ತಿಂದು ಬಿಟ್ಟುಹೋದ ತಟ್ಟೆಗಳನ್ನು ನೋಡುತ್ತ ನಡೆದರು. ಕೊನೆಗೆ ನಮ್ಮ ಪಾತ್ರೆಯಲ್ಲಿ ಸೌಟು ಆಡಿಸಿದರೆ ತಳದ ಸದ್ದು. ಈ ವರ್ಷವೂ ನೀವೇ ಮಾಡಿ ಎಂದುಬಿಟ್ಟರು. ಚಂದ್ರವ್ವ ಅಲ್ಲೇ ಕೂತು ಅತ್ತಳು. ನಾನು ಅಳಲಿಲ್ಲ, ಪಾತ್ರೆ ತೊಳೆಯುವ ಕೆಲಸ ಇತ್ತು.

ನಿಮ್ಮ ಮೇಲೆ ನನಗೆ ಸಿಟ್ಟು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ಟೆಂಪೋದಿಂದ ಇಳಿಯುವಾಗ ಎಷ್ಟು ಸೊರಗಿದ್ದೀರಿ ಎಂದು ಕಂಡಿತು. ಊರಿಗೆಲ್ಲ ಬಡಿಸುವವರು ತಾವು ತಿನ್ನುವುದಿಲ್ಲವಾ? ನಮಗೆ ದೊಡ್ಡ ಪಾತ್ರೆ ಎತ್ತಿ ಇಳಿಸಲು ಒಬ್ಬರು ಗಂಡಸು ಬೇಕು. ಧಣಿ ಕೊಟ್ಟಷ್ಟು ಸಂಬಳ ಸಿಗದು, ನನ್ನ ಬೈಗುಳ ಧಾರಾಳ ಸಿಗುತ್ತದೆ. ಯೋಚಿಸಿ ನೋಡಿ.

ಇತಿ,
ಇನ್ನೂ ನಿಮ್ಮವಳೇ ಆದ
ವಾರಿಜಾ

ತಾ.ಕ.: ನಿಮ್ಮ ಖಿಚಡಿಗೆ ಉಪ್ಪೇ ಇರಲಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರೊಬ್ಬರು ರುಚಿ ನೋಡಲೇಬೇಕು, ಅದು ಇಲ್ಲಿಯ ನಿಯಮ. ನೀವು ಚಹಾಕ್ಕೆ ಹೋದಾಗ ನಾನು ಎರಡೂ ಪಾತ್ರೆಯಿಂದ ತಿಂದು ನೋಡಿದೆ. ನಿಮ್ಮ ಕೈ ಜನ್ಮದಲ್ಲಿ ಉಪ್ಪು ಮರೆತದ್ದಲ್ಲ. ಯಾಕೆ ಹಾಕಲಿಲ್ಲ ಎಂದು ಕೂಡಲೇ ತಿಳಿಯಿತು. ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ನಮ್ಮಿಬ್ಬರ ನಡುವಿನ ವಿಷಯಕ್ಕೆ ಮಕ್ಕಳ ತಟ್ಟೆಗೆ ಸಪ್ಪೆ ಬಡಿಸುವುದಾ? ಬಿಸಿನೀರಿನಲ್ಲಿ ಉಪ್ಪು ಕರಗಿಸಿ ನಾನೇ ಹಾಕಿ ತಿರುವಿದೆ. ಹುಚ್ಚು ಹಿಡಿದದ ಏನು ನಿನಗ ಎಂದು ಅಜೀಜಾಬಿ ಕೈ ಹಿಡಿದು ಬೈದಳು. ಅವಳ ಮನೆಯ ಅನ್ನವನ್ನೂ ಪಣಕ್ಕಿಟ್ಟೆ ಎಂದು ಗೊತ್ತಿದ್ದೇ ಹಾಕಿದೆ. ನಾವು ಗೆದ್ದದ್ದು ಆ ಉಪ್ಪು ಬಿದ್ದ ಮೇಲೆ. ಹೆಂಡತಿಗಾಗಿ ಸೋತೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ತೆಗೆದುಹಾಕಿ, ನೀವು ನಿಜವಾಗಿಯೇ ಸೋತಿದ್ದೀರಿ. ಭಾನುವಾರ ಊಟಕ್ಕೆ ಬನ್ನಿ.