ಕಾಣೆಯಾದ ಎರಡು ಬ್ಯಾಟರಿಗಳು

ಅಂಕಿತಾ,

ರಾತ್ರಿ ಯಾರೋ ಬಾಗಿಲು ಬಡಿದರು; ನಿನಗೆ ಎಚ್ಚರವಾಗಲಿಲ್ಲ. ಬಂದವರು ಹಿಂದಿನ ಓಣಿಯ ಫಕ್ರುಸಾಬ ಕಾಕಾ. "ನಾಳೆ ಮಗಳನ್ನ ನೋಡಾಕ ಗಂಡಿನ ಕಡ್ಯಾವ್ರು ಬರ್ತಾರವಾ. ನೀ ಕೂಡ್ರಿಸಿದ ಬಾಗಲಾ ಒಂದ ಬಿಜಾಗರಿ ಮ್ಯಾಲ ಜೋತಾಡಾಕತ್ತೈತಿ. ಅವರ ತಲೀ ಮ್ಯಾಲ ಬಿದ್ರ ಮದವಿ ಆದಂಗ!" ಎಂದರು.

ನಿನ್ನೆ ಸಂಜೆ ಅಲ್ಲಿ ಬಾಗಿಲು ಕೂಡಿಸುವಾಗ ಬ್ಯಾಟರಿ ಮುಗಿದು ಡ್ರಿಲ್ ಅರ್ಧಕ್ಕೇ ನಿಂತಿತ್ತು. ಮನೆಗೆ ಬಂದರೆ ಹೆಚ್ಚುವರಿ ಬ್ಯಾಟರಿಗಳೆರಡೂ ಮಾಯ. ನೀನೇ ಗೆಳತಿಗೆ ಕೊಟ್ಟೆಯೆಂದು ನಾನು ರೇಗಿದೆ, ನೀನು ಊಟ ಬಿಟ್ಟು ಮಲಗಿದೆ. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇಟ್ಟಿದ್ದೇನೆ. ತಿಂದು ಈ ಅತ್ತಿಗೆಯನ್ನು ಕ್ಷಮಿಸು.

ಕಾಕಾ ಹೋದ ಮೇಲೆ ಹುಡುಕಿದಾಗ ಬ್ಯಾಟರಿಗಳು ಸಿಕ್ಕವು, ಬಿತ್ತನೆ ಜೋಳದ ಗಡಿಗೆಯಲ್ಲಿ! ಸುತ್ತಲೂ ಬೂದಿ, ಮೇಲೊಂದು ಹಿಡಿ ಬೇವಿನ ಸೊಪ್ಪು. ಒಂದನ್ನು ಒರೆಸಿ, ಚಾರ್ಜ್ ಮಾಡಿಕೊಂಡು ಕಾಕಾನ ಮನೆಗೆ ಹೊರಟಿದ್ದೇನೆ. ಗಂಡಿನ ಕಡೆಯವರು ಬರುವುದರೊಳಗೆ ಬಾಗಿಲು ಗಟ್ಟಿಯಾಗಿ ನಿಲ್ಲಬೇಕು.

ಇನ್ನೊಂದು ಮೇಜಿನ ಮೇಲಿದೆ. ಒಣ ಬ್ರಶ್ಶಿನಿಂದ ಬೂದಿ ಕೊಡವು, ನೀರು ಮುಟ್ಟಿಸಬೇಡ. ಚಾರ್ಜಿಗೆ ಹಾಕಿ, ಅರ್ಧ ಚಾರ್ಜ್ ಆದೊಡನೆ ತೆಗೆದು, ಲೋಹದ ತುದಿಗೆ ಮುಚ್ಚಳ ಹಾಕಿ, ಮರದ ಕಪಾಟಿನಲ್ಲಿಡು. ಮೊಳೆಯ ಡಬ್ಬಿಯಲ್ಲಿ ಬೇಡ, ಮೊಳೆ ತಾಗಿದರೆ ಕಿಡಿ ಹಾರುತ್ತದೆ. ಒಲೆಯ ಪಕ್ಕದಲ್ಲಂತೂ ಬೇಡವೇ ಬೇಡ.

ಗಡಿಗೆಯಲ್ಲಿಟ್ಟವರನ್ನು ಕೇಳಿದರೆ, "ಮುಂದ ಬೇಕಂತ ತಗದಿಟ್ಟಿದ್ದು ಅಂದ ಮ್ಯಾಲ ಬೀಜದ ಸಂಗಾಟ ಇಡಬೇಕು. ನೋಡು, ಒಂದಕ್ಕರ ಹುಳಾ ಹತ್ತೈತೇನು?" ಎಂದು ನನ್ನನ್ನೇ ಗದರಿದರು. ಎದುರಿಗೆ ನಗಬೇಡ.

ಹೀಗೆಂದವರು ನಿನ್ನ ಅವ್ವ, ಸರೋಜವ್ವ.