ಮಾಂಸದ ಜ್ವರ

ಹಾರ್ಲನ್ ಕ್ರೀಕ್, ಟೆಕ್ಸಾಸ್
ಜೂನ್ 20

ಪ್ರೀತಿಯ ಅಪ್ಪನಿಗೆ,

"ಮಾಂಸಕ್ಕೇನು ಜ್ವರ ಬಂದಿದ್ಯಾ, ಥರ್ಮಾಮೀಟರ್ ಇಡೋಕೆ?" ಎಂದು ಫೋನಿನಲ್ಲಿ ನಕ್ಕೆಯಲ್ಲ, ಆದರೂ ಕೊಂಡೆ. ಲಕ್ವ ಹೊಡೆದು ನೀನು ಅಕ್ಕನ ಮನೆ ಸೇರಿದ ಮೇಲೆ, ಒತ್ತಿ ನೋಡಿ ಹದ ಹೇಳುವ ಹೆಬ್ಬೆರಳು ಇಲ್ಲಿ ಯಾರಿಗಿದೆ? ತಂದ ಎರಡು ಥರ್ಮಾಮೀಟರ್‌ಗಳನ್ನೂ ಕುದಿಯುವ ನೀರಿಗೆ ಅದ್ದಿ ನೋಡಿದೆ. ಥಳಥಳಿಸುವ ದೊಡ್ಡದು ಸುಳ್ಳು ಹೇಳಿತು. ಸೂಜಿಯಂಥ ಸಣ್ಣದನ್ನು ಇಟ್ಟುಕೊಂಡೆ.

ನಿನ್ನೆ ಚರ್ಚಿನಲ್ಲಿ, ನಮ್ಮವರು ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಜೂನ್‌ಟೀನ್ತ್ ಹಬ್ಬದೂಟಕ್ಕೆ ನಿನ್ನ ಹೊಗೆ ಒಲೆಯಲ್ಲಿ ದನದ ಎದೆಮಾಂಸ ಇಟ್ಟೆ. ನೂರ ಅರವತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಬಂದು ಅಂಕಿ ನಿಂತೇಬಿಟ್ಟಿತು. ಚರ್ಚಿನ ಹಿರಿಯ ಡೀಕನ್ ಪರ್ವಿಸ್ ಬಂದು, "ನಿನ್ನ ಯಂತ್ರ ಕೆಟ್ಟಿದೆ ಕಣಮ್ಮ, ಸೌದೆ ಒಟ್ಟು, ಜನ ಹಸಿದಿದ್ದಾರೆ" ಎಂದು ಗದರಿದರು. ಅರ್ಧ ದಾರಿಯಲ್ಲಿ ಮಾಂಸ ಬೆವರುತ್ತಾ ಕೂತುಬಿಡುತ್ತದೆ, ಆಗ ಅದನ್ನು ಎಬ್ಬಿಸಲು ಹೋಗಬಾರದು ಎಂದು ನೀನು ಹೇಳುತ್ತಿದ್ದುದು ನೆನಪಾಯಿತು. ಯಂತ್ರವನ್ನೂ ನಂಬಿದೆ, ನಿನ್ನನ್ನೂ ನಂಬಿದೆ. ಒಂದು ಕಡ್ಡಿಯನ್ನೂ ಹೆಚ್ಚಿಗೆ ಹಾಕಲಿಲ್ಲ. ಬಹಳ ಹೊತ್ತಾದ ಮೇಲೆ ಅಂಕಿ ತಾನಾಗಿ ಏರತೊಡಗಿತು.

ಊಟಕ್ಕೆ ಕೂತಾಗ ಡೀಕನ್ ಮೊದಲ ತುತ್ತು ಬಾಯಿಗಿಟ್ಟು ಅಗಿಯುವುದನ್ನೇ ನಿಲ್ಲಿಸಿದರು. ಎದ್ದು ಹೋಗಿ ಒಲೆಯ ಹಿಂದೆ ಇಣುಕಿದರು. "ನಿಮ್ಮಪ್ಪನ್ನ ಎಲ್ಲಿ ಬಚ್ಚಿಟ್ಟಿದ್ದೀಯಮ್ಮ?" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ತುಂಡು ಬಡಿಸಿದೆ.

ಬೆರಳಿನ ವ್ಯಾಯಾಮ ತಪ್ಪಿಸಬೇಡ, ಅಕ್ಕನ ಮಾತು ಕೇಳು.

ಇನ್ನೊಂದು ವಿಷಯ. ಬಾಗಿಲ ಹಿಂದಿನ ಮೊಳೆಯಲ್ಲಿ ನಿನ್ನ ಏಪ್ರನ್ ನೀನು ಬಿಟ್ಟುಹೋದ ಹಾಗೇ ಇದೆ. ನಾನು ಮುಟ್ಟಿಲ್ಲ. ಮುಂದಿನ ಸಲ ಕಟ್ಟಿಕೊಳ್ಳಲೇ?

ನಿನ್ನ ಮಗಳು,
ವರ್ಲೀನ್