ಬೆರಣಿ ಕಿತ್ತು ಸೌದೆ ಇಟ್ಟವರಿಗೆ

ಮಾನ್ಯ ಪಠ್ಯಪುಸ್ತಕ ಅಧಿಕಾರಿಗಳೇ,

ನನ್ನ ಮಕ್ಕಳ ಕಾದಂಬರಿಯ ಏಳನೆಯ ಅಧ್ಯಾಯದಿಂದ ನೀವು ಸಗಣಿಯನ್ನು ಕಿತ್ತುಹಾಕಿದ್ದೀರಿ. ನನ್ನನ್ನು ಒಂದು ಮಾತೂ ಕೇಳದೆ ಆ ಜಾಗದಲ್ಲಿ ಸೌದೆ ತಂದಿಟ್ಟಿದ್ದೀರಿ. ಬರುವ ಸೆಪ್ಟೆಂಬರಿನಲ್ಲಿ ಕೌಂಟಿಯ ನಾಲ್ಕನೆಯ ತರಗತಿಗಳಿಗೆ ಹಂಚಲಿರುವ ಪ್ರತಿಗಳಲ್ಲಿ, ಒಂಬತ್ತು ವರ್ಷದ ರೊಸಿನಾ ಹಿಮಗಾಳಿ ಹೊಡೆಯುತ್ತಿರುವಾಗ ಕೊಡಲಿ ಹಿಡಿದು, ಬಾಗಿಲು ತೆರೆದು, 'ಹತ್ತಿರದ ತೋಪಿಗೆ' ಹೋಗಿ ಮರ ಕಡಿದು ತರುತ್ತಾಳೆ. ಏಕೆ ಹೀಗೆ ಎಂದು ಕೇಳಿದ್ದಕ್ಕೆ ನಿಮ್ಮ ಕಚೇರಿ ಒಂದೇ ಸಾಲು ಬರೆಯಿತು: 'ಮಕ್ಕಳಲ್ಲಿ ಜುಗುಪ್ಸೆ ಹುಟ್ಟಿಸುವ ಅಂಶವನ್ನು ಪರಿಷ್ಕರಿಸಲಾಗಿದೆ.'

ಯಾವ ತೋಪು ಸ್ವಾಮಿ? ಡಕೋಟಾದ ಈ ಬಯಲಿನಲ್ಲಿ 1888ರಲ್ಲಿ ಯಾರು ನೆಟ್ಟ ತೋಪು? ನೇಣು ಹಾಕಿಕೊಳ್ಳೋಣವೆಂದರೂ ಒಂದು ಮರ ಸಿಗದ ಊರು ಎಂದು ನಮ್ಮ ಹಿರಿಯರು ಗೊಣಗುತ್ತಿದ್ದರು. ರಷ್ಯಾದ ಬಯಲಿನಲ್ಲಿ ಮೂರು ತಲೆಮಾರು ಬಾಳಿ ಇಲ್ಲಿಗೆ ಬಂದ ಜರ್ಮನ್ ಜನ ನಾವು. ಅಲ್ಲೂ ಮರವಿರಲಿಲ್ಲ, ಇಲ್ಲೂ ಇರಲಿಲ್ಲ. ಅಲ್ಲಿ ಕಲಿತ ವಿದ್ಯೆಯನ್ನೇ ಇಲ್ಲಿಗೆ ತಂದೆವು. ಚಳಿಗಾಲದಲ್ಲಿ ಕೊಟ್ಟಿಗೆಯಲ್ಲಿ ಬಿದ್ದ ಸಗಣಿಯನ್ನು ಜೂನ್ ತಿಂಗಳಲ್ಲಿ ಅಂಗಳದ ತುಂಬ ಹರವಿ, ಒಣಹುಲ್ಲು ಬೆರೆಸಿ, ನೀರು ಹೊಯ್ದು, ಕುದುರೆಗಳನ್ನು ಸುತ್ತು ಹಾಕಿಸಿ ತುಳಿಸಬೇಕು. ಕುದುರೆಗಳ ಹಿಂದೆ ಮಕ್ಕಳು ಬರಿಗಾಲಲ್ಲಿ ತುಳಿಯಬೇಕು. ಆಮೇಲೆ ಗುದ್ದಲಿಯಿಂದ ಇಟ್ಟಿಗೆಯ ಹಾಗೆ ಕಡಿದು ಬಿಸಿಲಿಗಿಟ್ಟರೆ ಬೆರಣಿ. ಮೊದಲ ಹಿಮ ಬೀಳುವ ಮುಂಚೆ ಅಷ್ಟನ್ನೂ ಮನೆಯೊಳಗೆ ತಂದು, ಅಡುಗೆಮನೆಯ ಗೋಡೆಗೆ ತಾಗಿಸಿ ಸೂರಿನವರೆಗೆ ಒಟ್ಟುವುದು ನಮ್ಮ ರೂಢಿ. ಮನೆಯೊಳಗೆ ಸಗಣಿ ಒಟ್ಟುವ ಜನವೆಂದು ಬೇರೆ ಊರಿನವರು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಗಲಿ, ಅವರಿಗೆ ಗೊತ್ತಿರಲಿಲ್ಲ. ನಿಮಗೇನಾಗಿದೆ?

ಆ ರೊಸಿನಾ ನಾನು ಹೊಸೆದ ಪಾತ್ರವಲ್ಲ, ನನ್ನ ತಾಯಿ. ಆ ಜನವರಿಯಲ್ಲಿ ಅಜ್ಜಿ ದೂರದ ಮನೆಯೊಂದಕ್ಕೆ ಹೆರಿಗೆ ಮಾಡಿಸಲು ಹೋಗಿದ್ದಳು. ಗಾಳಿ ಎದ್ದಾಗ ಅಜ್ಜ ಕಾಸ್ಪರ್ ದನಗಳನ್ನು ನೋಡಿ ಬರುತ್ತೇನೆಂದು ಕೊಟ್ಟಿಗೆಗೆ ಹೋದ, ತಿರುಗಿ ಬರಲಿಲ್ಲ. ಮನೆಯಲ್ಲಿ ಉಳಿದವರು ಅಮ್ಮ ಮತ್ತು ಅವಳ ನಾಲ್ಕು ವರ್ಷದ ತಮ್ಮ ಯಾಕೋಬ್. ಅಪ್ಪ ಬೇಕೆಂದು ಯಾಕೋಬ್ ಬಾಗಿಲು ಬಡಿದು ಅತ್ತ. ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು, ಅವನು ಅವಳ ಕೈ ಕಚ್ಚಿದರೂ ಏಳಲಿಲ್ಲ. ಮೂರು ದಿನ ಗೋಡೆಯಿಂದ ಒಂದೊಂದೇ ಬೆರಣಿ ಕಿತ್ತು ಒಲೆಗೆ ಹಾಕಿದಳು, ಹಿಟ್ಟಿನ ಉಂಡೆ ಬೇಯಿಸಿ ತಮ್ಮನಿಗೆ ತಿನ್ನಿಸಿದಳು. ಗಾಳಿ ನಿಂತ ಮೇಲೆ ಅಜ್ಜಿ ಬಂದಳು. ಮನೆಯಿಂದ ನಲವತ್ತು ಹೆಜ್ಜೆಯಲ್ಲಿ ಅಜ್ಜ ಸಿಕ್ಕ. ಆ ಬಿಳಿಯಲ್ಲಿ ದಾರಿ ತಪ್ಪಿದವನಿಗೆ ಕೈಗೆ ತಾಗಲು ಒಂದು ಮರವೂ ಇರಲಿಲ್ಲ. ಬಾಗಿಲು ತೆರೆಯದೆ ಉರುವಲು ಸಿಕ್ಕಿದ್ದರಿಂದ ಇಬ್ಬರು ಮಕ್ಕಳು ಉಳಿದರು. ಕಥೆ ಇಷ್ಟೇ. ನೀವು ಆ ಬಾಗಿಲನ್ನೇ ತೆರೆಸಿದ್ದೀರಿ.

ವಸಂತದಲ್ಲಿ ಶಾಲೆ ಶುರುವಾದಾಗ, ಬಟ್ಟೆ ಬೆರಣಿಯ ಹೊಗೆ ನಾರುತ್ತದೆಂದು ಮಾಸ್ತರರು ಅಮ್ಮನನ್ನು ಬೇರೆ ಬೆಂಚಿನಲ್ಲಿ ಕೂರಿಸಿದರು. ಅಂದು ಮುಚ್ಚಿದ ಬಾಯನ್ನು ಅವಳು ಅರುವತ್ತೇಳು ವರ್ಷ ತೆರೆಯಲಿಲ್ಲ. ಮೂರು ವರ್ಷದ ಹಿಂದೆ ಒಂದು ದಿನ, ಕಣಕ ನಾದುತ್ತ ತಾನಾಗಿಯೇ ಹೇಳಿದಳು. ಇದನ್ನು ಮಕ್ಕಳಿಗೆ ಬರೆಯಲೇ ಎಂದು ಕೇಳಿದೆ.

"ಬರಿ. ಆದ್ರೆ ಸಗಣಿ ಅಂತಾನೇ ಬರೀಬೇಕು."

"ಮಕ್ಕಳು ನಗ್ತಾರಮ್ಮ."

"ನಗ್ಲಿ ಬಿಡೇ. ಚಳಿ ಆದಾಗ ನಗು ತಾನಾಗೇ ನಿಲ್ಲತ್ತೆ. ನಾನು ನಾಚ್ಕೊಂಡಿದ್ದು ಸಾಕಾಯ್ತು."

ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವಳು ಇಳಿಸಿಟ್ಟ ನಾಚಿಕೆಯನ್ನು ಮತ್ತೆ ಅವಳ ತಲೆಯ ಮೇಲೆ ಹೊರಿಸಿದವರು ನೀವು. ನೀವಾದರೂ ಯಾರು? ನಿಮ್ಮ ಹೆಸರು ಬರೆಯುವುದಿಲ್ಲ. ಆದರೆ ನಿಮ್ಮ ಅಜ್ಜಿಯ ಜಮೀನು ನಮ್ಮದರ ಪಕ್ಕದ್ದು, ಅವರ ಅಂಗಳದಲ್ಲೂ ನನ್ನ ಅಮ್ಮ ಸಗಣಿ ತುಳಿದಿದ್ದಾಳೆ. ನಿಮ್ಮ ತಂದೆ ಬೆಚ್ಚಗೆ ಬೆಳೆದದ್ದು ಯಾವ ಉರುವಲಿನಲ್ಲಿ? ಹೊರಗಿನವರು ಮೂಗು ಮುಚ್ಚಿಕೊಂಡಾಗ ನಮಗೆ ನೋವಾಯಿತು. ಏರಿದ ಏಣಿಯನ್ನು ನಮ್ಮವರೇ ಒದ್ದಾಗ ಆಗುವುದು ಹೇಸಿಗೆ. ನೀವು ಹೇಳುವ ಜುಗುಪ್ಸೆ ಯಾವ ಮಗುವಿನದೂ ಅಲ್ಲ, ಕೋಟು ಹಾಕಿ ಕುರ್ಚಿಯಲ್ಲಿ ಕುಳಿತ ನಿಮ್ಮದು. ಹಿಮದಲ್ಲಿ ಹೆಪ್ಪುಗಟ್ಟಿದ ಅಜ್ಜನ ಹೆಣವನ್ನು ಹಾಗೆಯೇ ಬಿಟ್ಟಿದ್ದೀರಿ, ಅದು ಜುಗುಪ್ಸೆಯಲ್ಲ! ಇನ್ನು, ನಿಮ್ಮ ಪುಸ್ತಕ ನಂಬಿ ಒಂದು ಮಗು ಹಿಮಗಾಳಿಯಲ್ಲಿ ಸೌದೆ ತರಲು ಹೊರಟರೆ ಅದನ್ನು ಪರಿಷ್ಕರಿಸುವವರು ಯಾರು?

ಸೆಪ್ಟೆಂಬರಿಗೆ ಮೊದಲು ಏಳನೆಯ ಅಧ್ಯಾಯವನ್ನು ನಾನು ಬರೆದಂತೆಯೇ ಅಚ್ಚು ಹಾಕಿಸಿ. ಅದು ಆಗದಿದ್ದರೆ ಪುಸ್ತಕವನ್ನು ಹಂಚಬೇಡಿ. ಅದೂ ಆಗದಿದ್ದರೆ ರೊಸಿನಾ ಎಂಬ ಹೆಸರನ್ನಾದರೂ ಅಳಿಸಿ. ಈ ಕೊನೆಯ ಬೇಡಿಕೆ ನನ್ನದಲ್ಲ, ಅಮ್ಮನದು. ನಿಮ್ಮ ಪ್ರತಿಯನ್ನು ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ ಮುಚ್ಚಿಟ್ಟು ನನ್ನನ್ನು ಕರೆದಳು.

"ಫ್ರೀಡಾ, ಇದ್ರಲ್ಲಿ ನನ್ನ ಹೆಸರು ಬೇಡ ಅಂತ ಅವ್ನಿಗೆ ಬರಿ. ಈ ಹುಡುಗಿ ಬಾಗ್ಲು ತೆಗೆದು ಹೊರಗೆ ಹೋದ್ಲು ಕಣೇ. ಸತ್ತೋದ್ಲು. ಒಳಗೆ ಯಾಕೋಬ್ ಒಬ್ನೇ ಇದ್ದಾನೆ."

ಇಂತಿ,
ನಿಮ್ಮ ಪ್ರಕಾರ ಸೌದೆಯಿಂದ, ನಿಜದಲ್ಲಿ ಸಗಣಿಯಿಂದ ಬದುಕುಳಿದವಳ ಮಗಳು,
ಫ್ರೀಡಾ ಹಾಯ್ಪೆಲ್, ನಿವೃತ್ತ ಶಿಕ್ಷಕಿ
ಮೇ 1958